ಕೇಳದೆ ಬಡಿಸಿದ ಹುಗ್ಗಿ

ತುಂಗಭದ್ರೆಯ ದಡದಲ್ಲಿ ಒಂದು ಸಣ್ಣ ಮಠ. ಅಲ್ಲೊಬ್ಬರು ಗುರುಗಳು. ಅವರಿಗೆ ಮಹಾಲಿಂಗಪ್ಪ ಎಂಬ ಶಿಷ್ಯ.

ಮಹಾಲಿಂಗಪ್ಪನಿಗೆ ಒಬ್ಬಳೇ ಮಗಳು, ದಾಕ್ಷಾಯಿಣಿ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಮಠಕ್ಕೆ ಬಂದರೆ ಪೂಜೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೊಳೆಯಿಂದ ನೀರೆತ್ತುವ ಪಂಪಿನ ಮುಂದೆ ಕೂತುಬಿಡುತ್ತಿದ್ದಳು. ಹೈಸ್ಕೂಲಿಗೆ ಬರುವಷ್ಟರಲ್ಲಿ ಅದನ್ನು ಬಿಚ್ಚಿ ಜೋಡಿಸುವುದನ್ನೂ ಕಲಿತಳು. ಗ್ರೀಸ್ ಮೆತ್ತಿದ ಕೈಗೇ ಗುರುಗಳು ಪ್ರಸಾದದ ಬಾಳೆಹಣ್ಣು ಇಡುತ್ತಿದ್ದರು.

ಪಿಯುಸಿ ಮುಗಿಯಿತು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂತು. ಓದಿದವಳು ಮಗಳು, ಊರೆಲ್ಲ ಸುತ್ತಿ ಶಭಾಷ್ ಅನ್ನಿಸಿಕೊಂಡು ಬಂದವನು ಅಪ್ಪ.

ಯಾವ ಬ್ರಾಂಚ್ ಮೊದಲು ಬೇಕು, ಯಾವುದು ಆಮೇಲೆ ಎಂದು ಕಂಪ್ಯೂಟರಿನಲ್ಲಿ ತುಂಬುವ ದಿನ ಹತ್ತಿರ ಬಂತು. ಮಹಾಲಿಂಗಪ್ಪ ಗುರುಗಳ ಹತ್ತಿರ ಹೋದ.

“ಬುದ್ಧಿ, ಆಶೀರ್ವಾದ ಮಾಡಬೇಕು. ಕಂಪ್ಯೂಟರ್ ಸೈನ್ಸ್ ಮೊದಲು ಹಾಕಿಸ್ತಿದ್ದೀನಿ.”

“ಮಗು ಏನಂತಾಳೆ?”

“ಮೆಕ್ಯಾನಿಕಲ್ ಅಂತಾಳೆ. ಅವಳಿಗೇನು ಗೊತ್ತು.”

“ಇನ್ನೊಂದು ಸಲ ಕೇಳು.”

“ಕೇಳೋದೇನು ಬುದ್ಧಿ? ಈ ರ‍್ಯಾಂಕಿಗೆ ಕಂಪ್ಯೂಟರ್ ಸೈನ್ಸೇ ಸಿಗುತ್ತೆ. ಎಲ್ಲರಿಗೂ ಸಿಗೋದಲ್ಲ ಅದು. ಬಿಟ್ಟು ಮೆಕ್ಯಾನಿಕಲ್ ತಗೊಂಡರೆ ರ‍್ಯಾಂಕ್ ದಂಡ ಅಲ್ವಾ?”

“ಕಾಲೇಜಿಗೆ ಹೋಗೋದು ರ‍್ಯಾಂಕಾ, ಮಗುವಾ?”

ಮಾತು ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ. ಮಹಾಲಿಂಗಪ್ಪ ಕಾಲಿಗೆ ಬಿದ್ದ. ಬಿದ್ದವನ ತಲೆ ಮೇಲೆ ಗುರುಗಳು ಕೈಯಿಟ್ಟರು. ಅದನ್ನೇ ಒಪ್ಪಿಗೆ ಅಂದುಕೊಂಡು ಎದ್ದು ಹೋದ.

ಆಮೇಲೆ ಬಹಳ ದಿನ ಮಠದ ಕಡೆ ಬರಲಿಲ್ಲ.

ಮಗಳ ಮೊದಲ ವರ್ಷ ಮುಗಿದ ಮೇಲೆ ಒಂದು ಮಧ್ಯಾಹ್ನ ಬಂದು ಗುರುಗಳ ಮುಂದೆ ಕೂತ. ನೆಗಡಿ ಹಿಡಿದು ಮುಖ ಊದಿತ್ತು. ಹೊಳೆಯ ಕಡೆಯಿಂದ ಪಂಪು ಕಿರಗುಟ್ಟುವ ಸದ್ದು ಕೇಳುತ್ತಿತ್ತು.

“ಏನಪ್ಪಾ, ಮಗು ಫೇಲಾಯ್ತಾ?”

“ಇಲ್ಲ ಬುದ್ಧಿ. ಕ್ಲಾಸಿಗೇ ಮುಂದು.”

“ಮತ್ತೆ ಈ ಮುಖ ಯಾಕೆ?”



“ಮನೇಲಿ ಮಿಕ್ಸಿ ಕೆಟ್ಟು ಕೂತಿದೆ. ಮೊದಲಾದರೆ ಬೇಡ ಅಂದರೂ ಬಿಚ್ಚಿ, ನಡುಮನೆ ತುಂಬ ಹರಡಿಕೊಂಡು ಕೂರೋಳು. ಅವರಮ್ಮನ ಹತ್ತಿರ ಬೈಸಿಕೊಳ್ಳೋಳು. ಈಗ ಅದರ ಪಕ್ಕದಲ್ಲೇ ಕೂತು ಊಟ ಮಾಡಿ, ಎದ್ದು ಹೋಗ್ತಾಳೆ.”

“ಆಮೇಲೆ?” ಅಂದರು ಗುರುಗಳು.

“ಮೊನ್ನೆ ನಾನೇ ಕೇಳಿದೆ. ಬ್ರಾಂಚ್ ಬದಲಿಸೋಕೆ ಈಗ ಅವಕಾಶ ಇದೆಯಂತೆ, ಮೆಕ್ಯಾನಿಕಲ್‌ಗೆ ಹೋಗ್ತೀಯಾ ಅಂತ.”

“ಏನಂದಳು?”

“‘ಯಾವುದಾದರೂ ಸರಿ ಅಪ್ಪಾಜಿ, ನೀವೇ ಹೇಳಿ’ ಅಂದಳು. ಸಿಟ್ಟಿಲ್ಲ ಬುದ್ಧಿ. ಸಿಟ್ಟಿದ್ದಿದ್ದರೆ ಸಮಾಧಾನ ಮಾಡಬಹುದಿತ್ತು.”

“ಆವತ್ತು ಕಂಪ್ಯೂಟರಿನಲ್ಲಿ ತುಂಬಿದವರು ಯಾರು?”

“ಅವಳ ಕೈಯಲ್ಲೇ ತುಂಬಿಸಿದೆ. ಸೈಬರ್ ಸೆಂಟರಿನಲ್ಲಿ ಪಕ್ಕದಲ್ಲಿ ಕೂತು ನಾನು ಹೇಳ್ತಾ ಹೋದೆ, ಅವಳು ಒತ್ತುತ್ತಾ ಹೋದಳು. ನಡುವೆ ಒಂದು ಸಲ ನನ್ನ ಮುಖ ನೋಡಿದಳು.”

“ನೀನೇನಂದೆ?”

“ನನ್ನನ್ನೇನು ನೋಡ್ತೀಯಾ, ಸ್ಕ್ರೀನ್ ನೋಡು ಅಂದೆ.”

ಅಷ್ಟರಲ್ಲಿ ದಾಸೋಹದ ಗಂಟೆ ಹೊಡೆಯಿತು. “ಏಳು, ಊಟ ಮಾಡು” ಅಂದರು ಗುರುಗಳು.

ಆ ಮಠದಲ್ಲಿ ಊಟಕ್ಕೊಂದು ಪದ್ಧತಿ. ಬಡಿಸುವವರು ಕೇಳಿಯೇ ಬಡಿಸಬೇಕು. ಬೇಡದವರು ತಟ್ಟೆಗೆ ಅಂಗೈ ಅಡ್ಡ ಹಿಡಿದರೆ ಮುಂದೆ ಹೋಗಬೇಕು. ಆದರೆ ತಟ್ಟೆಗೆ ಬಿದ್ದದ್ದನ್ನು ಒಂದಗುಳೂ ಬಿಡುವ ಹಾಗಿಲ್ಲ. ತಟ್ಟೆ ತೊಳೆದ ನೀರನ್ನೂ ಕುಡಿದೇ ಏಳಬೇಕು.

ಮಹಾಲಿಂಗಪ್ಪ ಸಾಲಿನಲ್ಲಿ ಕೂತ. ನೆಗಡಿಯ ಬಾಯಿ ಬಿಸಿ ಸಾರನ್ನ ಬೇಡುತ್ತಿತ್ತು. ಸಾರಿನ ಬಕೆಟ್ ಆ ಕಡೆಯಿಂದ ಬರುತ್ತಿತ್ತು, ಒಗ್ಗರಣೆಯ ವಾಸನೆ ಅದಕ್ಕಿಂತ ಮೊದಲೇ ಬಂದಿತ್ತು.

ಈ ಕಡೆಯಿಂದ ಗುರುಗಳೇ ಗೋಧಿ ಹುಗ್ಗಿಯ ಬಕೆಟ್ ಹಿಡಿದು ಬಂದರು. ಕೇಳಲಿಲ್ಲ. ಒಂದು ಸೌಟು ಸುರಿದರು. ಅದರ ಮೇಲೆ ಇನ್ನೊಂದು.

“ಬುದ್ಧಿ…”

“ಹುಗ್ಗಿ ಏನು ದಿನಾ ಸಿಗುತ್ತಾ? ಸಿಕ್ಕಿದ್ದನ್ನ ದಂಡ ಮಾಡಬಾರದು.”

ತಟ್ಟೆ ತುಂಬುವವರೆಗೂ ಸುರಿದರು. ಸಾರಿನ ಬಕೆಟ್ ಅವನ ತಟ್ಟೆಯಲ್ಲಿ ಜಾಗ ಕಾಣದೆ ಮುಂದಿನವರಿಗೆ ಹೋಯಿತು.

ಅವನು ತಿಂದ. ಸಿಹಿ ಗಂಟಲಿಗೆ ಅಂಟಿತು. ನೀರು ಕುಡಿದು ತಿಂದ. ಪಕ್ಕದವರೆಲ್ಲ ಎದ್ದು ಹೋದ ಮೇಲೂ ಒಬ್ಬನೇ ಕೂತು ತಿಂದು, ತಟ್ಟೆ ತೊಳೆದು, ಆ ನೀರನ್ನೂ ಕುಡಿದ.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತ.

“ಊಟ ಹೇಗಿತ್ತು?”

“ಪ್ರಸಾದ ಬುದ್ಧಿ. ಏನನ್ನಲಿ?”

“ಸಾರು ಬೇಕಿತ್ತೇನೋ.”

“ಬೇಕಿತ್ತು.”

“ಹುಗ್ಗಿ ಬೇಡ ಅನ್ನಬೇಕಿತ್ತು. ಅಂಗೈ ಇರಲಿಲ್ವಾ?”

“ತಾವೇ ಬಡಿಸುವಾಗ ತಟ್ಟೆಗೆ ಹೇಗೆ ಬುದ್ಧಿ ಕೈ ಅಡ್ಡ ಇಡ…”

ಮಹಾಲಿಂಗಪ್ಪ ತನ್ನ ಅಂಗೈಯನ್ನೇ ನೋಡುತ್ತ ಕೂತ.

“ಸಾರು ಇನ್ನೂ ಉಳಿದಿದೆ” ಅಂದರು ಗುರುಗಳು. “ತರಿಸಲಾ?”

“ಈಗೆಲ್ಲಿ ಬುದ್ಧಿ. ಬೇಕು ಅಂತಾನೇ ಅನ್ನಿಸ್ತಿಲ್ಲ.”

ಹೇಳಿದವನಿಗೇ ತನ್ನ ದನಿ ಬೇರೆ ಯಾರದೋ ದನಿಯ ಹಾಗೆ ಕೇಳಿಸಿತು. ಮಿಕ್ಸಿಯ ಪಕ್ಕ ಕೂತು ತಲೆ ಎತ್ತದೆ ಉಣ್ಣುವವಳ ದನಿಯ ಹಾಗೆ. ಅವನು ಟವೆಲ್ ಬಾಯಿಗೆ ಒತ್ತಿಕೊಂಡು ಅತ್ತ. ಗುರುಗಳು ಬೇಡ ಅನ್ನಲಿಲ್ಲ. ಹೊಳೆ ಹರಿಯುತ್ತಿತ್ತು. ಪಂಪು ಕಿರಗುಟ್ಟುತ್ತಲೇ ಇತ್ತು.

ಆ ಸದ್ದು ಕೇಳಿ ಮಹಾಲಿಂಗಪ್ಪ ತಲೆ ಎತ್ತಿದ. ಕಣ್ಣೊರೆಸಿಕೊಂಡು ಎದ್ದು ನಿಂತ.

“ನಾಳೆನೇ ಅವಳನ್ನ ಕರಕೊಂಡು ಬರ್ತೀನಿ ಬುದ್ಧಿ. ಇದನ್ನ ಬಿಚ್ಚಮ್ಮಾ ಅಂತ ಮುಂದೆ ಕೂರಿಸ್ತೀನಿ. ಆಮೇಲೆ ಪ್ರಿನ್ಸಿಪಾಲರಿಗೆ ನಾನೇ ಹೇಳಿ ಮೆಕ್ಯಾನಿಕಲ್‌ಗೆ ಹಾಕಿಸ್ತೀನಿ. ಅವಳಿಗೆ ಏನು ಬೇಕು ಅಂತ ನನಗೆ ಗೊತ್ತು.”

ಗುರುಗಳು ಅವನನ್ನೇ ನೋಡಿದರು.

“ಮಹಾಲಿಂಗಾ, ಮತ್ತೆ ಬಕೆಟ್ ಎತ್ತಿಕೊಂಡೆಯಲ್ಲೋ.”