ನೀಲಿ ಭರಣಿಯ ಲೇಬಲ್

"ಮೂಗಿದ್ದವರೆಲ್ಲ ಕೇಳಿರಿ! ಅರಮನೆಯ ಉಗ್ರಾಣದ ಕೊಳೆತ ಉಪ್ಪಿನಕಾಯಿ ತಿಂದು ನಮ್ಮ ರಾಜಕುಮಾರಿ ಅಮ್ಮಣ್ಣಿ ಕನಕಾಂಗಿಯವರು ಸಾವಿನ ಬಾಗಿಲು ಮುಟ್ಟಿ ಬಂದಿದ್ದಾರೆ. ನಾಳೆ ಅವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರು ಅದೇ ನೀಲಿ ಭರಣಿಯಿಂದ ಒಂದು ಸೌಟು ನುಂಗಬೇಕು. ಆಮೇಲೆ ಉಳಿದರೆ ಅವರವರ ಪುಣ್ಯ!"

ಡಂಗುರ ಕೇಳಿದಾಗ ಚೌಡ ಅರಮನೆಯ ಹಿತ್ತಲಲ್ಲಿ ಭರಣಿ ತೊಳೆಯುತ್ತಿದ್ದ. ಅವನಿಗೆ ಹುಟ್ಟಿನಿಂದಲೇ ಹೇಸಿಗೆ ಜಾಸ್ತಿ. ಹಾಲಿನ ಕೆನೆ ಕಂಡರೂ ಮುಖ ಕಿವುಚುವ ಆಸಾಮಿಗೆ ದೇವರು ಹುಡುಕಿ ಹುಡುಕಿ ಕೊಟ್ಟ ಕೆಲಸ ಇದು. ತಳದ ಜಿಡ್ಡು ಕೆರೆಯಬೇಕು, ಬೂಷ್ಟು ಬಳಿಯಬೇಕು, ಅಂಟಿದ ಹಳೆ ಲೇಬಲ್ಲುಗಳನ್ನು ಉಗುರಿನಿಂದ ಎಬ್ಬಬೇಕು. ಥೂ!

ಆದರೆ ಅವತ್ತು ಅವನಿಗೆ ವಾಕರಿಕೆ ಬಂದದ್ದು ಬೇರೆ ಕಾರಣಕ್ಕೆ. ಉಪ್ಪಿನಕಾಯಿ ಹಾಕುವ ಸಾಕವ್ವ ಅವನ ತಾಯಿ. ಕೆಟ್ಟದ್ದಕ್ಕೆ 'ಹೊಸದು' ಎಂದು ಲೇಬಲ್ ಅಂಟಿಸಿದವಳು ಇವಳೇ ಎಂದು ಉಗ್ರಾಣ ನೋಡಿಕೊಳ್ಳುವ ಪಾರುಪತ್ಯಗಾರ ಶೇಷಾಚಲಯ್ಯ ಬೆರಳು ತೋರಿಸಿದ್ದ. "ನಾನು 'ಚೆಲ್ಲಿ' ಅಂತ ಅಂಟ್ಸಿದ್ದೆ ಬುದ್ಧೀ" ಎಂದು ಅವಳು ಎಷ್ಟು ಬಡಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಗಟಿನ ಸಭೆ ಮುಗಿದ ಮೇಲೆ ಭರಣಿಯಲ್ಲಿ ಉಳಿದದ್ದನ್ನೆಲ್ಲ ಅವಳಿಗೇ ತಿನ್ನಿಸಬೇಕೆಂದು ರಾಜಾಜ್ಞೆಯಾಗಿತ್ತು.

ಶೇಷಾಚಲಯ್ಯ ಮಹಾ ಮಡಿವಂತ. ಹಡಗಿನಲ್ಲಿ ಬಂದ ಲೇಬಲ್ ಪ್ರಿಂಟರಿಗೂ ಕುಂಕುಮ ಹಚ್ಚಿದವನು. ಮೇಲೆ 'ಶ್ರೀ' ಹಾಕದೆ ಒಂದು ಲೇಬಲ್ಲನ್ನೂ ಅಚ್ಚು ಹಾಕುತ್ತಿರಲಿಲ್ಲ; ಪೊರಕೆಯ ಲೇಬಲ್ಲಿಗೂ ಶ್ರೀ. ಅದೇ ಪ್ರಿಂಟರಿನಲ್ಲಿ ಸಾಕವ್ವ ತೆಗೆಯುವ ಲೇಬಲ್ಲಿಗೆ ಮಾತ್ರ ಶ್ರೀ ಇರುತ್ತಿರಲಿಲ್ಲ. ಜಿಪುಣತನಕ್ಕೂ ಕಡಿಮೆಯಿಲ್ಲ. ಪ್ರಿಂಟರಿನಲ್ಲಿ ಬಳಸಿ ಮುಗಿದ ಮಸಿಪಟ್ಟಿಯ ರಿಬ್ಬನ್ನನ್ನು ಎಸೆಯದೆ, ಭರಣಿಯ ಬಾಯಿಬಟ್ಟೆ ಕಟ್ಟುವ ದಾರ ಮಾಡಿಕೊಂಡಿದ್ದ.

ಮರುದಿನ ಸಭೆಯ ನಡುವೆ ನೀಲಿ ಭರಣಿಯನ್ನು ತಂದಿಟ್ಟರು. ನಾಯಿ ಬಿದ್ದು ಸತ್ತ ಬಾವಿಯ ನಾತ. ರಾಜ ಮೂಗಿಗೆ ಹಿಡಿಯಲು ರಾಣಿಯ ಸೆರಗನ್ನೇ ಎಳೆದುಕೊಂಡ. ರಾಜಕುಮಾರಿ ಭರಣಿಗೆ ಬೆನ್ನು ಹಾಕಿ ಕೂತೇ ಒಗಟು ಹೇಳಿದಳು.

"ಬಾಯಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಮುಟ್ಟಿದಲ್ಲಿ ಕಪ್ಪಾಗುತ್ತದೆ, ಏನೂ ಸುಡುವುದಿಲ್ಲ. ಅದೇನು?"

ನೆರೆರಾಜ್ಯದ ಯುವರಾಜ ಮೀಸೆ ತಿರುವಿ, "ಚಾಡಿಕೋರನ ನಾಲಿಗೆ!" ಎಂದ. ಸಭೆ ಭಲೇ ಎಂದಿತು. ರಾಜಕುಮಾರಿ ತಪ್ಪು ಎಂದಳು. ಶೇಷಾಚಲಯ್ಯ ಭರಣಿಯ ರಿಬ್ಬನ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಸೌಟು ಅದ್ದಿದ. ಉಪ್ಪಿನಕಾಯಿ ನೂಲು ನೂಲಾಗಿ ಬಂತು. ನುಂಗಿದ ಯುವರಾಜ ಮೊದಲು ಹಳದಿಯಾದ, ಆಮೇಲೆ ಹಸಿರಾದ, ಆಮೇಲೆ ಅವನನ್ನು ಹೊತ್ತುಕೊಂಡು ಹೋದರು. ತರ್ಕಪಂಡಿತರೊಬ್ಬರು "ಜಠರಾಗ್ನಿ" ಎಂದರು. ಅವರ ಜಠರದಲ್ಲಿದ್ದದ್ದೆಲ್ಲ ರಾಜನ ಪಾದುಕೆಯ ಮೇಲೆ ಬಂತು.

ಆಗ ಚೌಡ ಮುಂದೆ ಬಂದ.

"ಅದು ಪ್ರಿಂಟರಿನ ತಲೆ ಅಮ್ಮಣ್ಣಿ. ಕಾದು ರಿಬ್ಬನ್ನಿನ ಮಸಿ ಕರಗಿಸ್ತದೆ. ಲೇಬಲ್ ಸುಡಾಕಿಲ್ಲ, ಮಸಿ ಮಾತ್ರ ಅಂಟ್ಕತದೆ."

ಲೇಬಲ್ ನಂಬಿ ಮೋಸಹೋದಂದಿನಿಂದ ಅದರದೇ ಗುಂಗಿನಲ್ಲಿದ್ದ ರಾಜಕುಮಾರಿ ಅರೆ ತಿರುಗಿದಳು. "ಸರಿ. ಒಂದೇ ಮನೆಯ ಇಬ್ಬರು ಕರಿಯರು. ಒಬ್ಬನ ಗುರುತು ಎಣ್ಣೆಕೈ ತಾಗಿದರೆ ಅಳಿಸುತ್ತದೆ, ಇನ್ನೊಬ್ಬನದು ತಿಕ್ಕಿ ತೊಳೆದರೂ ಹೋಗುವುದಿಲ್ಲ. ಯಾರವರು?"

"ಮೇಣದ ರಿಬ್ಬನ್ನು ಒಬ್ಬ, ರಾಳದ ರಿಬ್ಬನ್ನು ಇನ್ನೊಬ್ಬ. ಇಬ್ರೂ ನನ್ನ ಉಗುರಲ್ಲೇ ಅವ್ರೆ, ನೋಡಿ."

"ಥೂ, ಕೈ ಇಳಿಸು!" ಎಂದು ಅವಳು ಕಣ್ಣು ಮುಚ್ಚಿಕೊಂಡೇ ಮೂರನೆಯದು ಹೇಳಿದಳು. "ಇದ್ದದ್ದನ್ನೆಲ್ಲ ಕೊಟ್ಟು ಬರಿದಾಗುತ್ತದೆ. ಕೊಟ್ಟದ್ದರ ಗುರುತನ್ನು ಮಾತ್ರ ಮೈಮೇಲೆ ಉಳಿಸಿಕೊಳ್ಳುತ್ತದೆ. ಯಾವುದದು?"

ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು. ಶೇಷಾಚಲಯ್ಯ ಚೌಡನ ಕಿವಿಗೆ ಬಗ್ಗಿ ಪಿಸುಗುಟ್ಟಿದ: "ನಿಮ್ಮವ್ವ ಅಲ್ಲೇ ನಿಂತಿದ್ದಾಳಲ್ಲೋ. ತಾಯಿ ಅನ್ನು."

ಕೈಕಟ್ಟಿಸಿಕೊಂಡು ನಿಂತ ಸಾಕವ್ವನನ್ನು ಕಂಡು ಚೌಡ ಅವಳ ಕಡೆ ತಿರುಗಿದ. 'ತಾಯಿ' ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಪಾರುಪತ್ಯಗಾರನ ಹೆಗಲಿನಿಂದ ಆ ದಾರದ ನಾತ ಮೂಗಿಗೆ ಹೊಡೆಯಿತು. ಹೇಸಿಕೊಂಡು ಮುಖ ತಿರುಗಿಸುವಾಗ, ಕಿಟಕಿಯ ಬಿಸಿಲು ಆ ದಾರದೊಳಗಿಂದ ಹಾದದ್ದು ಕಂಡಿತು.

"ಹಳೇ ರಿಬ್ಬನ್ನು ಅಮ್ಮಣ್ಣಿ!" ಎಂದು ಕೂಗಿದ. "ಮಸಿಯೆಲ್ಲ ಲೇಬಲ್ಲಿಗೆ ಕೊಟ್ಬುಡ್ತದೆ. ಕೊಟ್ಟ ಜಾಗ ಬಿಳುಪಾಗಿ ಅಕ್ಷರವಾಗೇ ಉಳೀತದೆ. ಇವರ ಹೆಗಲ ಮೇಲೇ ಐತೆ, ಬೆಳಕಿಗೆ ಹಿಡ್ದು ನೋಡಿ."

ಶೇಷಾಚಲಯ್ಯನ ಮುಖ ಇಂಗು ತಿಂದ ಮಂಗನ ಹಾಗಾಯಿತು. ರಾಜಕುಮಾರಿ ಎರಡು ಬೆರಳ ತುದಿಯಲ್ಲಿ ರಿಬ್ಬನ್ನನ್ನು ಎತ್ತಿ ಗಟ್ಟಿಯಾಗಿ ಓದಿದಳು. "ನೀಲಿ ಭರಣಿ. ಕೆಟ್ಟಿದೆ, ಚೆಲ್ಲಿ." ಅದರ ಪಕ್ಕದಲ್ಲೇ ಇನ್ನೊಂದು: "ಶ್ರೀ. ನೀಲಿ ಭರಣಿ. ಹೊಸದು."

ಎಲ್ಲರ ಕಣ್ಣು ಭರಣಿಯ ಲೇಬಲ್ಲಿನ ಮೇಲೆ ಬಿತ್ತು. ಅದರ ಮೇಲಂಚನ್ನು ಕತ್ತರಿಯಿಂದ ಕತ್ತರಿಸಲಾಗಿತ್ತು. ಸಾಕವ್ವನ ಲೇಬಲ್ಲಿನಂತೆ ಕಾಣಲಿ ಎಂದು ಶೇಷಾಚಲಯ್ಯ 'ಶ್ರೀ'ಯನ್ನು ಕತ್ತರಿಸಿ ಎಸೆದಿದ್ದ; ಕೊಟ್ಟದ್ದನ್ನು ರಿಬ್ಬನ್ ಮರೆತಿರಲಿಲ್ಲ. ಹೊಸ ಉಪ್ಪಿನಕಾಯಿಯನ್ನೆಲ್ಲ ಮಗಳ ಮದುವೆಗೆ ಸಾಗಿಸಿ, ಚೆಲ್ಲಬೇಕಾದದ್ದನ್ನು ಅರಮನೆಗೆ ಬಡಿಸಿದೆನೆಂದು ಅವನು ಅಳುತ್ತ ಒಪ್ಪಿಕೊಂಡ.

"ಭರಣಿಯನ್ನೇ ಇವನ ಬಾಯಿಗೆ ಸುರಿಯಿರಿ!" ಎಂದು ರಾಜ ಗುಡುಗಿದ.

"ಬ್ಯಾಡಿ ಬುದ್ಧೀ," ಎಂದಳು ಸಾಕವ್ವ. "ಅವ್ರು ಕಕ್ಕಿದ್ದನ್ನ ಬಳಿಯೋನು ನನ್ನ ಮಗನೇಯ."

ರಾಜ ನಕ್ಕು, ಸಾಕವ್ವನ ಕೈಯ ಕಟ್ಟು ಬಿಚ್ಚಿಸಿ, ಚೌಡನಿಗೆ ಮಗಳನ್ನೇ ಕೊಡಲು ಹೊರಟ. ರಾಜಕುಮಾರಿ ಅವನ ಉಗುರು ನೋಡಿದಳು. ಚೌಡ ರಾಜನ ಪಾದುಕೆ ನೋಡಿದ. ಇಬ್ಬರೂ ಒಟ್ಟಿಗೆ ಬೇಡ ಎಂದರು.

"ಮತ್ತೇನು ಬೇಕು?"

"ಅವ್ವ ಸಿಕ್ಕಿದ್ಲಲ್ಲ. ಉಗ್ರಾಣದ ಬೀಗ ಅವಳಿಗೆ ಕೊಡಿ. ನನಗೆ ಪ್ರಿಂಟರ್ ಕೊಡಿ. ನನ್ನ ಕೆಲಸ ಇವರಿಗೆ ಕೊಡಿ."

ಹಾಗೇ ಆಯಿತು. ಸೋಪು ಹಚ್ಚಿ ಮೊಣಕೈವರೆಗೂ ಉಜ್ಜಿಕೊಂಡ ಮೇಲೆ ಚೌಡ ಪ್ರಿಂಟರಿನ ಮುಂದೆ ಕೂತ. ರಾಳದ ರಿಬ್ಬನ್ ಹಾಕಿ ಮೊದಲ ಲೇಬಲ್ ತೆಗೆದ. ಹಿತ್ತಲಿಗೆ ಹೋಗಿ, ಮೂಗು ಮುಚ್ಚಿಕೊಂಡು ನೀಲಿ ಭರಣಿಯೊಳಗೆ ತಲೆ ಹಾಕಿದ್ದ ಶೇಷಾಚಲಯ್ಯನ ಬೆನ್ನಿಗೆ ಅದನ್ನು ಒತ್ತಿ ಅಂಟಿಸಿದ. ಮರ್ಯಾದೆಗೆ ಕೊರತೆಯಾಗದಂತೆ ಮೇಲೊಂದು ಶ್ರೀಕಾರವೂ ಇತ್ತು.

"ಶ್ರೀ. ಕೆಟ್ಟಿದೆ. ಚೆಲ್ಲಬೇಡಿ, ತೊಳೆಯಲು ಬೇಕು."