ಗಾಳದ ಕೋಲು, ಅಪ್ಪನ ಕಲ್ಲು

ಹೂಂ ಅನ್ನೋರು ಯಾರಾದ್ರೂ ಇದ್ದೀರೇನ್ರಪ್ಪ? ಇದ್ರೆ ಹೇಳ್ತೀನಿ, ಇಲ್ದಿದ್ರೆ ನನಗೂ ಮನೇಲಿ ಕೆಲಸ ಐತೆ. ನಗೋರು ಹಿಂದೆ ಹೋಗಿ ಕೂತ್ಕೊಳ್ಳಿ. ಈ ಕತೇಲಿ ಒಬ್ಬ ತಾಯಿ ಅವಳೆ, ಅವಳ ಮುಂದೆ ನಗಬಾರದು.

ಹೊಳೆ ದಂಡೇಲಿ ಕಲ್ಮಡು ಅಂತ ಒಂದು ಊರು. ಆ ಊರಲ್ಲಿ ದುಂಡಮ್ಮ ಅಂತ ಒಬ್ಬಳು ಹೆಂಗಸು. ಗಂಡ ಸತ್ತು ಒಂದು ವರ್ಷ ಆಗಿತ್ತು. ಅವಳಿಗೊಬ್ಬನೇ ಮಗ, ಚೆನ್ನಿಗ. ಮೀಸೆ ಬಂದಿತ್ತು, ಒನಕೆಯಂಥ ತೋಳು ಬಂದಿತ್ತು, ಬುದ್ಧಿ ಒಂದು ಬಂದಿರಲಿಲ್ಲ. ಹೇಳಿದ ಮಾತು ಮೀರೋನಲ್ಲ. ಹೇಳಿದ್ದು ಮಾಡೋನು, ಹೇಳಿದಷ್ಟೇ ಮಾಡೋನು, ಹೇಳಿದ್ದನ್ನೇ ಮಾಡೋನು. ಕಷ್ಟ ಬಂದಿದ್ದೇ ಅಲ್ಲಿ.

ಆ ಊರಲ್ಲಿ ಒಂದು ಕಟ್ಟಳೆ. ಊರ ಮುಂದೆ ಹೊಳೇಲಿ ಒಂದು ಆಳದ ಮಡು, ಅದರ ಸುತ್ತ ಮನೆಗೊಂದು ಚಪ್ಪಡಿ ಕಲ್ಲು. ಅವರವರ ಕಲ್ಲ ಮೇಲೆ ಅವರವರೇ ಕೂತು ಗಾಳ ಹಾಕ್ಬೇಕು. ಕಲ್ಲಿದ್ರೆ ಮಡು, ಕಲ್ಲಿಲ್ದೋರಿಗೆ ಮಡು ಇಲ್ಲ. ಮಳೆಗಾಲ ಕಳೆದ ಮೇಲೆ ಗಂಗೆ ಪೂಜೆ. ಅವತ್ತು ಪ್ರತಿ ಮನೆ ಗಂಡಸೂ ತನ್ನ ಮನೇಲೇ ಕಟ್ಟಿದ ಹೊಸ ಗಾಳದ ಕೋಲು ಹಿಡಿದು ತನ್ನ ಕಲ್ಲ ಮೇಲೆ ನಿಲ್ಲಬೇಕು. ಅವತ್ತು ಮೀನು ಎತ್ತಂಗಿಲ್ಲ. ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಒಂದು ಸಲ ನೀರಲ್ಲಿ ಮುಳುಗಿದ್ರೆ ಸಾಕು, ಗಂಗಮ್ಮ ಒಪ್ಪಿದಳು ಅಂತ. ಕಲ್ಲು ಆ ವರ್ಷ ಆ ಮನೇದೇ. ಕೋಲು ತರದೆ ಇದ್ರೋ, ಕಲ್ಲು ಇನ್ನೊಬ್ಬರ ಪಾಲು.

ದುಂಡಮ್ಮನ ಗಂಡ ಆ ಸೀಮೆಗೇ ಒಳ್ಳೆ ಕೋಲು ಕಟ್ಟೋನು. ಅವನ ಪಕ್ಕ ಕೂತು ದಾರ ಸುತ್ತಿ ಸುತ್ತಿ ಇವಳ ಬೆರಳಿಗೂ ವಿದ್ಯೆ ಬಂದಿತ್ತು. ಈಗ ಕಣ್ಣಿಗೆ ಪೊರೆ ಬಂದು ಮಂಜು ಮಂಜು. ಬೆರಳಿಗೆ ಕಾಣುತ್ತೆ, ಕಣ್ಣಿಗೆ ಕಾಣಲ್ಲ. ಅತ್ತ ಪಕ್ಕದ ಮನೆ ಪಾಪಣ್ಣ ದಿನಾ ಬೆಳಗ್ಗೆ ಇವರ ಕಲ್ಲ ಮೇಲೆ ಹಲ್ಲುಜ್ಜೋಕೆ ಶುರು ಮಾಡಿದ್ದ. ಕೂರ್ತಿರಲಿಲ್ಲ, ಕಟ್ಟಳೆ ಮುರಿಯೋನಲ್ಲ ಅವನು. ನಿಂತ್ಕೊಂಡೇ ಉಜ್ಜೋನು.

ಪೂಜೆಗೆ ಹತ್ತು ದಿನ ಐತೆ ಅನ್ನೋವಾಗ ದುಂಡಮ್ಮ ಮಗನ್ನ ಕರೆದಳು.

"ಲೋ ಚೆನ್ನಿಗ, ನಿಮ್ಮಪ್ಪನ ಕಲ್ಲು ಉಳಿಸ್ಕೋಬೇಕು ಕಣೋ. ಅದೂ ಹೋದ್ರೆ ನಾವು ಏನ್ ತಿನ್ನೋದು? ನೀನು ಸಾಮಾನು ತಂದುಕೊಡು, ನಾನು ಕೋಲು ಕಟ್ತೀನಿ. ಹೋಗಿ ಒಂದು ಬಿದಿರು ತಾ. ನೆಟ್ಟಗಿರಬೇಕು, ಗಂಟು ಹತ್ತಿರ ಹತ್ತಿರ ಇರಬೇಕು, ಎರಡಾಳುದ್ದ ಇರಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ! ನೆಟ್ಟಗೆ, ಗಂಟು ಹತ್ತಿರ, ಎರಡಾಳುದ್ದ!"

ಬೆಳಗ್ಗೆ ಹೋದೋನು ಸಂಜೆ ಬಂದ. ದುಂಡಮ್ಮ ಬಾಗಿಲಲ್ಲೇ ಕೂತಿದ್ದಳು.

"ಯಾಕೋ ಇಷ್ಟೊತ್ತು?"

"ಅಳೀಬೇಕಿತ್ತಲ್ಲವ್ವ! ಪಕ್ಕದಲ್ಲಿ ಮಲಗಿ ಒಂದಾಳುದ್ದ ಅಳೆದೆ. ಇನ್ನೊಬ್ಬ ಆಳು ಬರೋವರೆಗೂ ಕಾಯ್ದೆ. ದನ ಕಾಯೋ ತಾತ ಮಧ್ಯಾಹ್ನದ ಮೇಲೆ ಬಂದ. ಮಲಗು ತಾತ ಅಂದ್ರೆ ಓಡಿಹೋದ. ಅಟ್ಟಿಸ್ಕೊಂಡು ಹೋಗಿ ಹಿಡ್ಕೊಂಡು ಬಂದು ಮಲಗಿಸಿದೆ!"

ದುಂಡಮ್ಮ ಬಿದಿರು ಮುಟ್ಟಿ ನೋಡಿದಳು. ನೆಟ್ಟಗೇ ಐತೆ, ಗಂಟು ಹತ್ತಿರವೇ ಐತೆ. ಎಲೆನೂ ಐತೆ! ತುದೀಲಿ ಗುಬ್ಬಚ್ಚಿ ಗೂಡೂ ಐತೆ!

"ಅಯ್ಯೋ ನನ್ನ ಕರ್ಮವೇ! ಹಸಿ ಬಿದಿರು ತಂದ್ಯೇನೋ! ಇದರಲ್ಲಿ ಕೋಲು ಕಟ್ಟಿದ್ರೆ ನಾಳೆಗೆ ಸೊಟ್ಟಗಾಗುತ್ತೆ! ನೀರಿನ ಪಸೆ ಇರೋದನ್ನ ತಂದ್ರೆ ಮೊದಲು ಒಲೆ ಮೇಲೆ ಹೊಗೆಗೆ ಕಟ್ಟಬೇಕು ಕಣೋ, ಪೂರಾ ಒಣಗಬೇಕು! ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ! ನೀರಿನ ಪಸೆ ಇದ್ರೆ ಒಲೆ ಮೇಲೆ ಕಟ್ಟೋದು!"

ಆ ಹಸಿ ಬಿದಿರನ್ನ ಹೊಗೆಗೆ ಕಟ್ಟಿದ್ರು. ಅದು ಒಣಗೋಕೆ ವರ್ಷ ಬೇಕು. ಕೊನೆಗೆ ದುಂಡಮ್ಮ ಅಟ್ಟದಿಂದ ಗಂಡ ಇಟ್ಟಿದ್ದ ಬಿದಿರು ಇಳಿಸಿದಳು. ಏಳು ವರ್ಷ ಹೊಗೆ ಕುಡಿದು ಜೇನಿನ ಬಣ್ಣ ಬಂದಿದ್ದ ಬಿದಿರು. ಇದ್ದದ್ದು ಅದೊಂದೇ. ಅದನ್ನ ಮುಟ್ಟಲ್ಲ ಅಂತ ಅಂದುಕೊಂಡಿದ್ದಳು, ಮುಟ್ಟಿದಳು.

ಮಾರನೆ ದಿನ ಹೊಳೆಯಾಚೆ ಸಂತೆ.

"ಮಗ, ಸಂತೆಗೆ ಹೋಗಿ ನೈಲಾನ್ ದಾರ ತಾ. ಅಡ್ಡಾಡಬೇಡ, ನೆಟ್ಟಗೆ ಮನೆಗೆ ಬಾ."

ನೆಟ್ಟಗೆ ಬಾ ಅಂದ್ರೆ ಅವನು ಸೇತುವೆ ಸುತ್ತಿಕೊಂಡು ಬರ್ತಾನಾ? ಹೊಳೆಗೇ ಇಳಿದು, ಈಜಿಕೊಂಡು ನೆಟ್ಟಗೆ ಬಂದ. ದಾರ ಒದ್ದೆ. ಒದ್ದೆ ಅಂದ ಮೇಲೆ ನೀರಿನ ಪಸೆ ಐತೆ. ಪಸೆ ಇದ್ರೆ ಏನು ಮಾಡ್ಬೇಕು? ಒಲೆ ಮೇಲೆ ಕಟ್ಟಿದ. ಪೂರಾ ಒಣಗಲಿ ಅಂತ ಇನ್ನೆರಡು ಸೌದೆನೂ ಒಟ್ಟಿದ.

ಹಿತ್ತಿಲಲ್ಲಿದ್ದ ದುಂಡಮ್ಮನಿಗೆ ವಾಸನೆ ಬಂತು. ಓಡಿ ಬಂದಳು, ಹೊಸ್ತಿಲು ಎಡವಿದಳು.

"ಏನೋ ಅದು ಕಮಟು?"

"ದಾರ ಒಣಗ್ತಾ ಐತೆ ಕಣವ್ವ! ಒಣಗಿ ಒಣಗಿ ಸಾರಿನ ಮಡಕೆಗೆ ಇಳೀತಾ ಐತೆ!"

"ಹಾಳಾಗೋಯ್ತಲ್ಲೋ! ದಾರಾನ ಬೆಂಕಿ ಹತ್ತಿರ ಯಾರಾದ್ರೂ ತರ್ತಾರೇನೋ! ತಂದೋನು ನೀರಲ್ಲಿ ನೆನೆಸಿ, ಎರಡು ಕಡೆ ಹಿಡಿದು, ಇರೋ ಶಕ್ತೀನೆಲ್ಲ ಹಾಕಿ ಜಗ್ಗಿ ನೋಡ್ಬೇಕು! ತಡೀತೈತಾ ಇಲ್ವಾ ಅಂತ! ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ! ನೆನೆಸೋದು, ಹಿಡಿಯೋದು, ಜಗ್ಗೋದು!"

ನಗ್ತೀರಾ? ನಗಿ ನಗಿ. ಅವತ್ತು ಸಾರೂ ಹೋಯ್ತು, ದಾರಾನೂ ಹೋಯ್ತು. ದುಂಡಮ್ಮ ತಾನೇ ಬೇಲಿ ಸವರಿಕೊಂಡು ಯಜಮಾನ ದ್ಯಾವಣ್ಣನ ಮನೆಗೆ ಹೋಗಿ, ಒಂದಷ್ಟು ದಾರ ಬೇಡಿ ತಂದಳು. ದ್ಯಾವಣ್ಣ ಊರಿಗೆ ಯಜಮಾನ, ಇವಳ ಗಂಡನ ಗೆಳೆಯ. "ನವಿಲುಗರಿ ದಂಟಿನ ಬೆಂಡು ಒಂದು ಐತೆ ಕಣವ್ವ, ನಿನ್ನ ಗಂಡನೇ ನನಗೆ ಮಾಡಿಕೊಟ್ಟಿದ್ದು. ಹುಡುಕಿ ಇಟ್ಟಿರ್ತೀನಿ, ಮಗನ್ನ ಕಳಿಸು" ಅಂದ.

ಚೆನ್ನಿಗ ಹೋದ. ಬೆಂಡು ಇಸ್ಕೊಂಡ. ದಾರೀಲಿ ಕಾಲುವೆ ಸಿಕ್ತು. ನೆನೆಸಿದ, ಎರಡು ಕಡೆ ಹಿಡಿದ, ಇರೋ ಶಕ್ತೀನೆಲ್ಲ ಹಾಕಿ ಜಗ್ಗಿದ.

"ತಡೀಲಿಲ್ಲ ಕಣವ್ವ! ಒಂದೇ ಜಗ್ಗಿಗೆ ಎರಡಾಯ್ತು! ದ್ಯಾವಣ್ಣ ನಿನಗೆ ಮೋಸ ಮಾಡವ್ನೆ!"

"ನಿನ್ನ ಮನೆ ಕಾಯ್ವಾಗ! ಅದು ನಿಮ್ಮಪ್ಪ ಮಾಡಿದ ಬೆಂಡು ಕಣೋ! ಬೆಂಡನ್ನ ಯಾರು ಜಗ್ಗು ಅಂದ್ರು? ಮೆಲ್ಲಗೆ ನೀರಿಗೆ ಬಿಟ್ಟು ನೋಡ್ಬೇಕು! ತೇಲಿದ್ರೆ ಇಟ್ಕೋಬೇಕು, ಮುಳುಗಿದ್ರೆ ಅಲ್ಲೇ ಬಿಟ್ಟು ಬರ್ಬೇಕು! ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ! ತೇಲಿದ್ರೆ ಇಟ್ಕೊಳ್ಳೋದು, ಮುಳುಗಿದ್ರೆ ಬಿಟ್ಟು ಬರೋದು!"

ದುಂಡಮ್ಮ ಜೋಳದ ದಂಟು ಸುಲಿದು, ಅದರ ತಿರುಳಲ್ಲಿ ಒಂದು ಬೆಂಡು ಮಾಡ್ಕೊಂಡಳು. ಗಂಡನ ಬೆಂಡಿನ ಎರಡು ಚೂರನ್ನ ಸೆರಗಿಗೆ ಗಂಟು ಹಾಕ್ಕೊಂಡಳು. ಆಮೇಲೆ, ಬೇರೆ ಯಾರೂ ಇಲ್ವಲ್ಲ, ಅದೇ ಮಗನ್ನೇ ಗಾಳದ ಮುಳ್ಳು ತರೋಕೆ ಕಳಿಸಿದಳು.

ಏಳು ಮುಳ್ಳು ಕೊಟ್ಟಿದ್ದ ಅಂಗಡಿಯೋನು. ಚೆನ್ನಿಗ ಮನೆಗೆ ಬಂದಾಗ ಕೈ ಬರಿದು.

"ಮುಳ್ಳೆಲ್ಲೋ?"

"ಒಂದೂ ಒಳ್ಳೇವಲ್ಲ ಕಣವ್ವ! ಒಂದೊಂದಾಗಿ ಹೊಳೇಲಿ ಬಿಟ್ಟು ನೋಡಿದೆ. ಮೊದಲನೇದು ಮುಳುಗ್ತು. ಎರಡನೇದು ಮುಳುಗ್ತು. ಮೂರನೇದಾದ್ರೂ ತೇಲ್ತದೇನೋ ಅಂತ ನೋಡಿದೆ, ಮುಳುಗ್ತು. ಆರೂ ಮುಳುಗಿದ್ವು! ಏಳನೇದು ಅಂಗಿ ತೋಳಿಗೆ ಕಚ್ಕೊಂಡೈತೆ, ಬಿಡಿಸೋಕೇ ಆಗ್ಲಿಲ್ಲ. ಇಲ್ದಿದ್ರೆ ಅದನ್ನೂ ನೋಡ್ತಿದ್ದೆ."

ದುಂಡಮ್ಮ ಹಣೆ ಹಣೆ ಚಚ್ಚಿಕೊಂಡಳು. "ಗಂಗಮ್ಮ ತಾಯಿ, ಇವನ ಅಂಗಿಗೆ ಇರೋ ಬುದ್ಧಿ ಇವನಿಗೆ ಕೊಡಬಾರದಿತ್ತಾ! ಮುಳ್ಳನ್ನ ಹಂಗಲ್ಲ ಕಣೋ ನೋಡೋದು! ಉಗುರ ಮೇಲೆ ಇಟ್ಟು ನೋಡ್ಬೇಕು. ಕಚ್ಚಿದ್ರೆ ತರಬೇಕು, ಕಚ್ಚದೆ ಜಾರಿದ್ರೆ ಬಿಡಬೇಕು! ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ! ಕಚ್ಚಿದ್ರೆ ತರೋದು, ಜಾರಿದ್ರೆ ಬಿಡೋದು!"

ಇದ್ದ ಒಂದು ಮುಳ್ಳಿಟ್ಕೊಂಡು ದುಂಡಮ್ಮ ಕೋಲು ಕಟ್ಟೋಕೆ ಕೂತಳು. ಬಿದಿರಿಗೆ ಎಣ್ಣೆ ಸವರಿ, ಕೆಂಡದ ಮೇಲೆ ಆಡಿಸಿ, ಸೊಟ್ಟ ತೆಗೆದಳು. ತುದಿಗೆ ತಂತಿ ಉಂಗುರ ಇಟ್ಟು, ದಾರ ಸುತ್ತಿ, ಅರಗು ಮೆತ್ತಿದಳು. ಸುತ್ತು ಸುತ್ತಿಗೂ ಬೆರಳು ಸವರಿ ಸವರಿ ನೋಡೋಳು. ನಾಲ್ಕು ದಿನ ಹಿಡೀತು. ಮುಂದಿನ ವರ್ಷಕ್ಕೆ ಈ ಕೈಲಿ ಇನ್ನೊಂದು ಆಗಲ್ಲ ಅಂತ ಅವಳಿಗೆ ಗೊತ್ತಿತ್ತು. ಕೋಲು ಮಾತ್ರ, ಆಹಾ, ಬಗ್ಗಿಸಿದ್ರೆ ಬಗ್ಗುತ್ತೆ, ಬಿಟ್ರೆ ಝುಂಯ್ ಅಂತ ನೆಟ್ಟಗಾಗುತ್ತೆ.

ಪೂಜೆ ಹಿಂದಿನ ದಿನ. "ಇನ್ನು ಎರೆಹುಳ ಒಂದು ಬೇಕು. ಹೊಳೆ ಕೆಸರಲ್ಲಿ ಅಗೆದು ತಾ."

ಚೆನ್ನಿಗ ಅಗೆದ. ಎರೆಹುಳ ಸಿಕ್ತು. ಉಗುರ ಮೇಲೆ ಇಟ್ಟ. ಕಚ್ಚಲಿಲ್ಲ, ಜಾರಿತು. ಬಿಟ್ಟ. ಇನ್ನೊಂದು ಇಟ್ಟ. ಜಾರಿತು. ಬಿಟ್ಟ. ನೂರು ಎರೆಹುಳ ಬಿಟ್ಟ. ಆಮೇಲೆ ಕಲ್ಲು ಸಂದಿಗೆ ಕೈ ಹಾಕಿದ ನೋಡಿ!

"ಅವ್ವಾ! ಕಚ್ಚೋವು ಸಿಕ್ಕಿದ್ವು ಕಣವ್ವ! ಒಂದು ಬುಟ್ಟಿ! ಅವ್ವೋ, ಒಂದು ಇನ್ನೂ ಬಿಟ್ಟಿಲ್ಲ ಕಣವ್ವೋ! ಎಳೆದಷ್ಟೂ ಕಚ್ತೈತೆ!"

ಬುಟ್ಟಿ ತುಂಬ ಏಡಿ! ಒಂದು ಬೆರಳಿಗೆ ಜೋತಾಡ್ತಾ ಐತೆ!

"ಎಳೀಬೇಡ್ವೋ ದಡ್ಡ! ಕಚ್ಚಿ ಎಳೆಯೋದನ್ನ ನಾವೂ ಎಳೀಬಾರದು ಕಣೋ! ನೀರಿಗೆ ಬಿಟ್ಟು ಸುಮ್ನೆ ಕೂರಬೇಕು, ತಾನಾಗೇ ಬಿಡುತ್ತೆ! ಗೊತ್ತಾಯ್ತಾ?"

ಬೆರಳನ್ನ ಬಕೆಟ್ಟಿಗೆ ಇಳಿಸಿದ. ಏಡಿ ಬಿಡ್ತು. ಚೆನ್ನಿಗನ ಮುಖ ಅರಳಿತು. "ಗೊತ್ತಾಯ್ತು ಕಣವ್ವ! ಕಚ್ಚಿ ಎಳೆದ್ರೆ ಎಳೀಬಾರದು! ನೀರಿಗೆ ಬಿಟ್ಟು ಸುಮ್ನೆ ಕೂರೋದು!"

ಅವತ್ತು ಏಡಿ ಸಾರು. ಮಗ ಚಪ್ಪರಿಸಿಕೊಂಡು ಉಂಡ. ದುಂಡಮ್ಮನಿಗೂ ನಗು ಬಂತು. ನಗ್ತಾ ನಗ್ತಾ ಅತ್ತಳು. "ನಾನು ಹೋದ್ಮೇಲೆ ನಿನಗೆ ಯಾರೋ ಹೇಳ್ತಾರೆ?" ಅಂದಳು. "ಯಾರು ಹೇಳಿದ್ರೂ ಕೇಳ್ತೀನಿ ಕಣವ್ವ" ಅಂದ. ಅದಕ್ಕೇ ಅವಳಿಗೆ ಭಯ.

ಬೆಳಗಾಯ್ತು. ಎದುರು ಮನೆಯಿಂದ ಎರೆಹುಳ ಇಸ್ಕೊಂಡು ದುಂಡಮ್ಮ ತಾನೇ ಮುಳ್ಳಿಗೆ ಸಿಕ್ಕಿಸಿದಳು. ಊರೆಲ್ಲ ಮಡುವಿನ ಸುತ್ತ ನೆರೀತು. ಅರಿಶಿನ ಕುಂಕುಮ ಆಯ್ತು, ಕಾಯಿ ಒಡೆದಾಯ್ತು. ಚೆನ್ನಿಗ ಅಪ್ಪನ ಕಲ್ಲ ಮೇಲೆ ನಿಂತ. ಕೋಲು ನೋಡಿ ಪಾಪಣ್ಣನ ಮುಖ ಸಣ್ಣಗಾಯ್ತು. ಚೆನ್ನಿಗ ದಾರ ಬೀಸಿದ. ಬೆಂಡು ತೇಲಿತು. ಒಂದು ಗಳಿಗೆ. ಎರಡು ಗಳಿಗೆ.

ಬುಳುಕ್! ಬೆಂಡು ಮುಳುಗ್ತು!

"ಒಪ್ಪಿದಳು!" ಅಂತ ದ್ಯಾವಣ್ಣ ಕೂಗಿದ. "ಗಂಗಮ್ಮ ಒಪ್ಪಿದಳು! ಕಲ್ಲು ದುಂಡಮ್ಮನ ಮನೇದೇ!"

ದುಂಡಮ್ಮ ಎರಡೂ ಕೈ ಎತ್ತಿ ಮುಗಿದಳು. ಅಷ್ಟರಲ್ಲಿ ಒಳಗಿದ್ದ ಮೀನು ಎಳೀತು ನೋಡಿ, ಕೋಲು ಬಿಲ್ಲಾಯ್ತು! "ಹಿಡ್ಕೊಳೋ! ಹಿಡ್ಕೊಳೋ!" ಅಂತ ಊರೆಲ್ಲ ಕೂಗ್ತು. ಚೆನ್ನಿಗ ಅವ್ವನ ಮಾತು ಬಿಟ್ಟು ಊರ ಮಾತು ಕೇಳೋನಾ? ಕಚ್ಚಿತು, ಎಳೀತು. ತಾನು ಎಳೀಲಿಲ್ಲ. ಮೆಲ್ಲಗೆ ಬಗ್ಗಿ ಕೋಲನ್ನ ನೀರಿಗೆ ಬಿಟ್ಟ. ಕಲ್ಲ ಮೇಲೆ ಸುಮ್ನೆ ಕೂತ.

ಏಳು ವರ್ಷದ ಬಿದಿರು ಮಡು ದಾಟಿ, ತಿರುವು ದಾಟಿ, ಹೊರಟುಹೋಯ್ತು.

"ಏನಾಯ್ತು? ಯಾಕೆ ಎಲ್ಲರೂ ಸುಮ್ನಾದ್ರಿ?" ಅಂತ ದುಂಡಮ್ಮ ಕೇಳ್ತಾನೇ ಇದ್ದಳು. ಚೆನ್ನಿಗನೇ ಹೇಳಿದ. "ನೀರಿಗೆ ಬಿಟ್ಟಿದ್ದೀನಿ ಕಣವ್ವ. ಇನ್ನೇನು ತಾನಾಗೇ ಬಿಡುತ್ತೆ."

ಕತ್ತಲಾಗೋವರೆಗೂ ಕಾಯ್ತಾ ಕೂತಿದ್ದ. ದುಂಡಮ್ಮನೇ ಅವನ್ನ ಎಳ್ಕೊಂಡು ಮನೆಗೆ ಬಂದಳು. ಬಂದವಳೇ ಎದೆ ಎದೆ ಬಡ್ಕೊಂಡಳು.

"ನಮ್ಮ ಸ್ವತ್ತನ್ನ ಹೊಳೇಲಿ ಬಿಟ್ಟು ಬರ್ತಾರೇನೋ, ಅಯ್ಯೋ ನನ್ನ ಮಗನೇ! ನಮ್ಮದು ಅಂದ ಮೇಲೆ, ಎಷ್ಟೇ ಭಾರ ಇರಲಿ, ಹೊತ್ಕೊಂಡು ಮನೆಗೆ ತರಬೇಕು! ಹೊಳೇಲಿ ಬಿಡಬಾರದು! ಗೊತ್ತಾಯ್ತಾ?"

"ಗೊತ್ತಾಯ್ತು ಕಣವ್ವ! ಎಷ್ಟೇ ಭಾರ ಇದ್ರೂ ಹೊತ್ಕೊಂಡು ಮನೆಗೆ ತರೋದು!"

ಅತ್ತು ಅತ್ತು ದುಂಡಮ್ಮ ತಾನೇ ಸಮಾಧಾನ ಮಾಡ್ಕೊಂಡಳು. ಕೋಲು ಹೋದ್ರೆ ಹೋಗಲಿ, ಕಲ್ಲು ಉಳೀತಲ್ಲ. ದ್ಯಾವಣ್ಣನ ಕೇಳಿದ್ರೆ ಒಂದು ಹಳೇ ಕೋಲು ಕೊಟ್ಟಾನು. ಒಲೆ ಮೇಲೆ ಹಸಿ ಬಿದಿರು ಒಣಗ್ತಾ ಐತೆ. ಕಲ್ಲೊಂದಿದ್ರೆ ಮಗ ಉಪವಾಸ ಸಾಯಲ್ಲ. ಹಂಗಂದುಕೊಂಡು ಕಣ್ಣು ಮುಚ್ಚಿದಳು.

ಬೆಳಗ್ಗೆ ಎದ್ರೆ ಮಗ ಇಲ್ಲ, ಹಿತ್ತಿಲ ಹಾರೆ ಇಲ್ಲ, ಬಾವಿ ಹಗ್ಗ ಇಲ್ಲ. ಹೊತ್ತು ನೆತ್ತಿಗೆ ಬಂದಾಗ ಬೀದೀಲಿ ಗರಗರ ಅಂತ ಸದ್ದು. ಹಿಂದೆ ಊರ ಜನ. ಬಾಗಿಲಿಗೆ ಬಂದು ಏನೋ ಧೊಪ್ಪಂತ ಬಿತ್ತು, ಮನೆ ಅದುರಿತು.

"ಅವ್ವಾ! ನಮ್ಮದನ್ನ ತಂದಿದ್ದೀನಿ ಕಣವ್ವ!"

ದುಂಡಮ್ಮ ಬಗ್ಗಿ ಕೈಯಾಡಿಸಿದಳು. ಒದ್ದೆ ಕಲ್ಲು. ಅಂಚಲ್ಲಿ ಒಂದು ಗುಳಿ, ಇಪ್ಪತ್ತು ವರ್ಷ ಗಂಡ ಕೋಲಿನ ಬುಡ ಊರಿ ಊರಿ ಸವೆದ ಗುಳಿ. ಬೆರಳು ಅಲ್ಲೇ ನಿಂತುಬಿಡ್ತು.

ಮಡುವಿನಲ್ಲಿ ಕಲ್ಲಿಲ್ದೋರಿಗೆ ಮಡು ಇಲ್ಲ. ದ್ಯಾವಣ್ಣ ತಲೆ ತಗ್ಗಿಸಿದ. ಪಾಪಣ್ಣನೂ ನಗಲಿಲ್ಲ ಕಣ್ರಪ್ಪ.

ದುಂಡಮ್ಮ ಬೈಯಲಿಲ್ಲ, ಬುದ್ಧೀನೂ ಹೇಳಲಿಲ್ಲ. ಇನ್ನೇನು ಹೇಳಿದ್ರೆ ಇನ್ನೇನಾಗುತ್ತೋ! ಬಾಗಿಲಲ್ಲಿ ಗಂಡನ ಕಲ್ಲ ಮೇಲೆ ಸುಮ್ನೆ ಕೂತಳು. ಚೆನ್ನಿಗ ಬೆವರು ಒರೆಸಿಕೊಂಡ.

"ಅವ್ವ, ನಮ್ಮ ಮಡು ಇನ್ನೂ ಹೊಳೇಲೇ ಐತೆ ಕಣವ್ವ. ಕೊಡ ಎಲ್ಲಿಟ್ಟಿದ್ದೀಯಾ?"

"ಒಲೆ ಪಕ್ಕ ಐತೆ ಮಗ" ಅಂದಳು ದುಂಡಮ್ಮ.

ಅವನು ಎರಡು ಕೊಡ ಎತ್ಕೊಂಡು ಹೊರಟ.