ತಿರುಗುಮುರುಗಾದ ಹೆಸರು

ಶಿಷ್ಯ ಕೇಳಿದ: “ಗುರುಗಳೇ, ನನ್ನ ತಮ್ಮ ತೀರಿಕೊಂಡಾಗಿನಿಂದ ಅವನ ಹಂಬಲ ನನ್ನನ್ನು ಬಿಟ್ಟಿಲ್ಲ. ಇದನ್ನು ಅಳಿಸಿಕೊಂಡ ಮೇಲೆಯೇ ಊರಿಗೆ ಹೋಗಿ ತಾಯಿಯ ಮುಂದೆ ನಿಲ್ಲಬೇಕೆಂದಿದ್ದೇನೆ. ಅಳಿಸುವ ಬಗೆ ಯಾವುದು?”

ಗುರು ಒಂದು ಕತೆ ಹೇಳಿದರು.

ಒಬ್ಬ ಅಕ್ಕಸಾಲಿ ಇದ್ದ. ಬೆಳ್ಳಿಯ ತಗಡಿನ ಮೇಲೆ ಬಳ್ಳಿ, ಹೂವು, ಹೆಸರು ಒತ್ತಿಕೊಡುವುದು ಅವನ ಕಸುಬು. ಮೊದಲು ಹೆಸರನ್ನು ಹಿತ್ತಾಳೆಯಲ್ಲಿ ಕೊರೆಯಬೇಕು. ಅದು ಅಚ್ಚು. ಬೆಳ್ಳಿಯನ್ನು ಕಾಯಿಸಿ ಮೆತ್ತಗೆ ಮಾಡಿ, ಆರಿದ ಮೇಲೆ ಅಚ್ಚಿಗೆ ಜೋಡಿಸಿ, ಎರಡನ್ನೂ ಉಕ್ಕಿನ ಉರುಳೆಗಳ ನಡುವೆ ತೂರಿಸಿ ಹಿಡಿಕೆ ತಿರುಗಿಸಬೇಕು. ಅಚ್ಚಿನಲ್ಲಿ ತಗ್ಗಾದದ್ದು ಬೆಳ್ಳಿಯಲ್ಲಿ ಉಬ್ಬಾಗಿ ಏಳುತ್ತದೆ. ಎಡಕ್ಕಿದ್ದದ್ದು ಬಲಕ್ಕೆ ಬರುತ್ತದೆ. ಹಾಗಾಗಿ ಹೆಸರನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೇ ಕೊರೆಯಬೇಕು. ಅಕ್ಕಸಾಲಿಯ ಕೈ ಇದಕ್ಕೆ ಎಷ್ಟು ಪಳಗಿತ್ತೆಂದರೆ, ಅವನಿಗೆ ನೆಟ್ಟಗೆ ಬರೆಯುವುದೇ ಮರೆತುಹೋಗಿದೆ ಎಂದು ಓಣಿಯವರು ನಗುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು, ಮೋನಮ್ಮ. ಜ್ವರದಲ್ಲಿ ಹೋದಳು. ಅವಳ ಕಾಲ್ಗೆಜ್ಜೆ ಉಳಿಯಿತು. ಅದನ್ನು ಕರಗಿಸಿ, ಅವಳ ಹೆಸರಿನ ಪದಕ ಒತ್ತಿ ಹೆಂಡತಿಯ ಕೈಗಿಡಬೇಕೆಂದು ಅವನು ಕುಳಿತ. ಹೆಂಡತಿಗೆ ಬರುತ್ತಿದ್ದ ಓದು ಆ ಹೆಸರೊಂದೇ. ಮಗಳೇ ಕಲಿಸಿದ್ದು.

ಉಳಿ ಹಿಡಿದಾಗ ಅವನಿಗೆ ಕಸುಬು ನೆನಪಾಗಲಿಲ್ಲ, ಮಗಳು ನೆನಪಾದಳು. ಬಾಗಿಲಲ್ಲಿ ನಿಂತು ಅವಳನ್ನು ಕೂಗಿದಂತೆ ನೆಟ್ಟಗೆ ಕೊರೆದ. ಉರುಳೆಯಿಂದ ಆಚೆ ಬಂದ ಬೆಳ್ಳಿಯಲ್ಲಿ ಹೆಸರು ತಿರುಗುಮುರುಗಾಗಿತ್ತು.

ಹೆಂಡತಿ ಪದಕವನ್ನು ಅತ್ತ ಇತ್ತ ಹೊರಳಿಸಿ ನೋಡಿದಳು. ಇದು ನಮ್ಮ ಮೋನಿ ಅಲ್ಲ ಎಂದು ಅವನ ಮುಂದೆಯೇ ಇಟ್ಟು ಎದ್ದುಹೋದಳು. ಪಕ್ಕದ ಅಂಗಡಿಯಲ್ಲಿದ್ದ ಅವಳ ತಮ್ಮನ ಬಾಯಿ ಸುಮ್ಮನಿರಲಿಲ್ಲ. ಊರ ಮಕ್ಕಳ ಹೆಸರೆಲ್ಲ ನೆಟ್ಟಗೆ ಒತ್ತಿದೆ ಭಾವ, ನಿನ್ನ ಮಗಳು ಮಾತ್ರ ನಿನಗೆ ಬೆನ್ನು ತಿರುಗಿಸಿದಳು ಎಂದ. ಕರಗಿಸಿ ಇನ್ನೊಮ್ಮೆ ಒತ್ತು ಎಂದೂ ಹೇಳಿದ.

ಕೆಲಸ ದೊಡ್ಡದಲ್ಲ. ಆದರೆ ಮಗಳ ಗೆಜ್ಜೆಯನ್ನು ಒಮ್ಮೆ ಬೆಂಕಿಗೆ ಇಟ್ಟ ಕೈ ಇನ್ನೊಮ್ಮೆ ಏಳಲಿಲ್ಲ. ಪದಕಕ್ಕೆ ದಾರ ಪೋಣಿಸಿ ತಾನೇ ಕೊರಳಿಗೆ ಹಾಕಿಕೊಂಡ. ತನ್ನ ತಪ್ಪು ಯಾರ ಕಣ್ಣಿಗೂ ಬೀಳದಿರಲೆಂದು ಅಕ್ಷರದ ಮೈಯನ್ನು ಎದೆಯ ಕಡೆಗೆ ಮಾಡಿ, ಮೇಲೆ ಅಂಗಿ ತೊಟ್ಟ.

ಒಂದು ಬೆಳಿಗ್ಗೆ ಸ್ನಾನಕ್ಕೆಂದು ಅಂಗಿ ಕಳಚಿ, ಪದಕ ತೆಗೆದಿಟ್ಟ. ನೀರು ಹೊಯ್ಯಲು ಬಂದ ಹೆಂಡತಿ ತಂಬಿಗೆ ಹಿಡಿದು ಹಾಗೆಯೇ ನಿಂತಳು. ಹಿಂದಿನ ರಾತ್ರಿ ಅವನು ಬೋರಲು ಮಲಗಿ ನಿದ್ದೆ ಹೋಗಿದ್ದ. ಪದಕ ಎದೆಗೆ ಒತ್ತಿ ಅಚ್ಚು ಮೂಡಿತ್ತು. ಬೆಳ್ಳಿಯಲ್ಲಿ ತಿರುಗಿದ್ದ ಹೆಸರು ಚರ್ಮದಲ್ಲಿ ನೆಟ್ಟಗೆ, ಕೆಂಪಗೆ ಕುಳಿತಿತ್ತು. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಮಗಳ ಹೆಸರು ಓದಿದಳು.

ಅವನೂ ತಲೆ ಬಗ್ಗಿಸಿದ. ಅವನಿಗೆ ಅದು ತಲೆಕೆಳಗಾಗಿ ಕಂಡಿತು.

“ನೋಯುವುದಿಲ್ಲವೇ?” ಎಂದಳು.

“ನೋಯುತ್ತದೆ. ಇನ್ನೊಮ್ಮೆ ಓದು.”

ಕಾಸಿದ ನೀರು ಆರಿಹೋಯಿತು. ಬಿಸಿಲು ಏರುವ ಹೊತ್ತಿಗೆ ಅಕ್ಷರ ಮಾಸಿತು. ಆ ರಾತ್ರಿ ಅವನು ಬೇಕೆಂದೇ ಬೋರಲು ಮಲಗಿದ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಆ ನೋವಿನಿಂದ ಅಕ್ಕಸಾಲಿಗೆ ಬಿಡುಗಡೆ ಯಾವಾಗ ಆಯಿತು ಎಂದು ಶಿಷ್ಯ ಕೇಳಿದ.

ಗುರು ಹೇಳಿದರು: “ನೀನು ಅಳಿಸಿಕೊಂಡು ಹೋದರೆ, ನಿನ್ನ ತಾಯಿ ಏನನ್ನು ಓದಬೇಕು?”